70/900 ದೂರದರ್ಶಕ: ಗಾಜು ಪಾಸು, ಪೆಟ್ಟಿಗೆ ನಪಾಸು

ಹೆಸರು ಹತ್ತಾರು, ಅಚ್ಚು ಒಂದೇ. ಮುಂದೆ 70 ಮಿ.ಮೀ. ಅಗಲದ ಎರಡು ಗಾಜಿನ ಮಸೂರ, 900 ಮಿ.ಮೀ. ಫೋಕಲ್ ಲೆಂತ್ (ಮಸೂರದಿಂದ ಬೆಳಕು ಕೂಡುವ ಜಾಗದವರೆಗಿನ ದೂರ), ಉದ್ದನೆಯ ಕೊಳವೆ, ಅಲ್ಯೂಮಿನಿಯಂ ಟ್ರೈಪಾಡ್. ಪೆಟ್ಟಿಗೆಯಲ್ಲಿ ಕಣ್ಣಿಟ್ಟು ನೋಡುವ 25 ಮತ್ತು 10 ಮಿ.ಮೀ.ನ ಎರಡು ಐಪೀಸು, ವರ್ಧನೆಯನ್ನು 3 ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರ ಒಂದು, ಬೆಳಕನ್ನು ಐಪೀಸಿನ ಕಡೆಗೆ ತಿರುಗಿಸಿ ಚಿತ್ರವನ್ನು ನೆಟ್ಟಗೆ ತೋರಿಸುವ ಪ್ರಿಸಂ ಡಯಾಗನಲ್ ಒಂದು. ಹತ್ತು-ಹದಿನೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಿಗೆ ಕೊರಿಯರ್‌ನಲ್ಲಿ ಬಂದಿಳಿಯುವ ಮೊದಲ ದೂರದರ್ಶಕ ಬಹುಮಟ್ಟಿಗೆ ಇಂಥದ್ದೇ. ಬಂದ ವಾರದೊಳಗೆ ಕೇಳಿಬರುವ ದೂರೂ ಒಂದೇ: ಲೆನ್ಸ್ ಸರಿ ಇಲ್ಲ, ಎಲ್ಲಾ ಮಸುಕು. ಬಹಳ ಸಲ ಲೆನ್ಸಿನದು ತಪ್ಪೇ ಇರುವುದಿಲ್ಲ. ಡಯಾಗನಲ್ ಕೆಟ್ಟಿರುತ್ತದೆ, ಬಾರ್ಲೋ ಕೆಟ್ಟಿರುತ್ತದೆ, ಟ್ರೈಪಾಡ್ ನಡುಗುತ್ತಿರುತ್ತದೆ, ಇಲ್ಲವೇ ಕಾಲ ಕೆಳಗಿನ ಮಾಳಿಗೆಯೇ ಕೆಂಡವಾಗಿರುತ್ತದೆ. ಇವುಗಳಲ್ಲಿ ಅಪರಾಧಿ ಯಾವುದು ಎಂದು ಹಿಡಿದುಕೊಡುವ ಸಾಕ್ಷಿ ಜೋಡಿ ನಕ್ಷತ್ರಗಳು, ಅಂದರೆ ಬರಿಗಣ್ಣಿಗೆ ಒಂದೇ ಚುಕ್ಕೆಯಂತೆ ಕಾಣುವ ಅಕ್ಕಪಕ್ಕದ ಎರಡು ನಕ್ಷತ್ರಗಳು.

ಚಂದ್ರನನ್ನು ತೋರಿಸಿದರೆ ಕನ್ನಡಕದ ಗಾಜೂ ಪಾಸಾಗುತ್ತದೆ. ಶನಿಯ ಬಳೆ 50 ಮಿ.ಮೀ. ಮಸೂರದಲ್ಲೂ ಕಾಣುತ್ತದೆ, ನೋಡಿದವರೆಲ್ಲ ಖುಷಿಪಡುತ್ತಾರೆ. ಗಾಜಿನ ಗುಣ ಮಾತ್ರ ತಿಳಿಯುವುದಿಲ್ಲ. ಜೋಡಿ ನಕ್ಷತ್ರದಲ್ಲಿ ಆ ಅನುಮಾನಕ್ಕೆ ಎಡೆ ಕಡಿಮೆ. ಎರಡು ಬಿಂದು, ನಡುವಿನ ಅಂತರ ಮೊದಲೇ ಅಳೆದಿಟ್ಟದ್ದು. ಬಿಡಿಸಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಅನುಕೂಲವೂ ಇದೆ. ಇದಕ್ಕೆ ಕತ್ತಲೆ ಆಕಾಶ ಬೇಕಿಲ್ಲ. ಹುಣ್ಣಿಮೆಯಿದ್ದರೂ, ಸೂಪರ್ ಮಾರ್ಕೆಟ್ಟಿನ ದೀಪಗಳ ಮಗ್ಗುಲಿನ ಮನೆಯಾದರೂ ಪರೀಕ್ಷೆ ನಡೆಯುತ್ತದೆ. ನೀಹಾರಿಕೆ ನೋಡಲು ಊರು ಬಿಟ್ಟು ಹೋಗಬೇಕು. ಗಾಜು ಪರೀಕ್ಷಿಸಲು ಮಾಳಿಗೆ ಹತ್ತಿದರೆ ಸಾಕು.

ಎಷ್ಟನ್ನು ಬಿಡಿಸಬೇಕು?

ನಕ್ಷತ್ರ ಎಷ್ಟೇ ದೂರದ ಬಿಂದುವಾದರೂ ದೂರದರ್ಶಕದಲ್ಲಿ ಅದು ಪುಟ್ಟ ತಟ್ಟೆಯಾಗಿ, ಸುತ್ತ ಮಂಕಾದ ಉಂಗುರಗಳೊಂದಿಗೆ ಕಾಣಬೇಕು. ಇದು ದೋಷವಲ್ಲ, ಬೆಳಕಿನ ಸ್ವಭಾವ. ದೋಷವೇ ಇಲ್ಲದ ಮಸೂರದಲ್ಲಿ ಸುಮಾರು 84 ಶೇಕಡಾ ಬೆಳಕು ನಡುವಿನ ತಟ್ಟೆಯಲ್ಲಿ, 7 ಶೇಕಡಾ ಮೊದಲ ಉಂಗುರದಲ್ಲಿ ಇರುತ್ತದೆ. ಈ ಲೆಕ್ಕವನ್ನು 1835ರಲ್ಲಿ ಮಾಡಿಕೊಟ್ಟವನು ಜಾರ್ಜ್ ಏರಿ, ಆದ್ದರಿಂದ ಆ ತಟ್ಟೆಗೆ ಅವನದೇ ಹೆಸರು. ಮಸೂರ ಅಗಲವಾದಷ್ಟೂ ಏರಿ ತಟ್ಟೆ ಚಿಕ್ಕದಾಗುತ್ತದೆ, ಹತ್ತಿರದ ಜೋಡಿಗಳು ಬೇರೆಯಾಗುತ್ತವೆ.

ಎಷ್ಟು ಹತ್ತಿರದ ಜೋಡಿಯನ್ನು ಬಿಡಿಸಬಹುದು ಎಂದು ಹೇಳಲು ಬಳಕೆಯಲ್ಲಿರುವ ಸೂತ್ರಗಳು ಎರಡು. ಡಾಸ್ ಮಿತಿ: 116ನ್ನು ಮಿ.ಮೀ. ಲೆಕ್ಕದ ಮಸೂರದ ಅಗಲದಿಂದ ಭಾಗಿಸಿದರೆ ಬರುವಷ್ಟು ಆರ್ಕ್‌ಸೆಕೆಂಡು (ಒಂದು ಡಿಗ್ರಿಯ 3600ನೇ ಒಂದು ಭಾಗ; ಮುಂದೆ ಜೋಡಿಗಳ ಅಂತರಕ್ಕೆ ಬರೀ ಸೆಕೆಂಡು ಎಂದರೂ ಇದೇ). ರೇಲೀ ಮಿತಿ: 138ನ್ನು ಭಾಗಿಸಬೇಕು. 70 ಮಿ.ಮೀ.ಗೆ ಮೊದಲನೆಯದು 1.66, ಎರಡನೆಯದು 1.97. ಡಾಸ್ ಅಂಕಿ ಸುಮಾರಾಗಿ ಸಮ ಹೊಳಪಿನ, ಕಣ್ಣು ಕುಕ್ಕದ ಜೋಡಿಗಳಿಗೆ ಮಾತ್ರ ಸಲ್ಲುತ್ತದೆ. ಒಂದು ದೀಪ, ಇನ್ನೊಂದು ಮಿಣುಕುಹುಳ ಎನ್ನುವಂಥ ಜೋಡಿಗೆ ಅದನ್ನು ಅನ್ವಯಿಸಿ ಗಾಜನ್ನು ಬೈಯುವುದು ಅನ್ಯಾಯ.

ವರ್ಧನೆಯೂ ಸಾಲಬೇಕು. ಎರಡು ಬಿಂದುಗಳನ್ನು ನೆಮ್ಮದಿಯಾಗಿ ಬೇರೆಯಾಗಿ ನೋಡಲು ಕಣ್ಣಿಗೆ ಅವು ಸುಮಾರು 200ರಿಂದ 240 ಆರ್ಕ್‌ಸೆಕೆಂಡು ದೂರ ಕಾಣಬೇಕು. 2.3 ಸೆಕೆಂಡಿನ ಜೋಡಿಗೆ ಹಾಗಾಗಿ 100 ಪಟ್ಟು ಕನಿಷ್ಠ, 150 ಹಿತ. ಪೆಟ್ಟಿಗೆಯ 25 ಮಿ.ಮೀ. ಕೊಡುವುದು 36 ಪಟ್ಟು, 10 ಮಿ.ಮೀ. ಕೊಡುವುದು 90. 25ಕ್ಕೆ ಬಾರ್ಲೋ ಹಾಕಿದರೆ 108, 10ಕ್ಕೆ ಹಾಕಿದರೆ ಒಮ್ಮೆಲೇ 270! 70 ಮಿ.ಮೀ. ಮಸೂರಕ್ಕೆ 140-150 ಪಟ್ಟಿನ ಮೇಲೆ ಹೋದರೆ ಹೊಸದೇನೂ ಕಾಣುವುದಿಲ್ಲ, ಮಸುಕೇ ದೊಡ್ಡದಾಗುತ್ತದೆ. ಅಂದರೆ ಹಿತವಾದ 150 ಪಟ್ಟಿನ ವರ್ಧನೆಯೇ ಈ ಪೆಟ್ಟಿಗೆಯಲ್ಲಿ ಇಲ್ಲ. 6 ಮಿ.ಮೀ.ನ ಒಂದು ಸಾಧಾರಣ ಒಳ್ಳೆಯ ಐಪೀಸು ತಂದರೆ 150 ಪಟ್ಟು ಸಿಗುತ್ತದೆ. ಮುಂದೆ ಬರುವ 150 ಪಟ್ಟಿನ ಫಲಿತಾಂಶಗಳೆಲ್ಲ, ಪರೀಕ್ಷೆಗೆ ಹಿಡಿದ ಇಂಥ ಒಂದು ಕೊಳವೆಗೆ ಆ ಐಪೀಸು ಹಾಕಿ ನೋಡಿದವು.

ಮೊದಲು ಕಳ್ಳತನ ಇದೆಯೇ ನೋಡಿ

ಅಗ್ಗದ ಕೊಳವೆಗಳಲ್ಲಿ ಒಂದು ಹಳೆಯ ಚಾಳಿ ಇದೆ. ಮಸೂರದ ಹಿಂದೆ ಒಂದಡಿ ಒಳಗೆ ಪ್ಲಾಸ್ಟಿಕ್ ಬಳೆ ಕೂರಿಸಿ ಅಂಚಿನ ಬೆಳಕನ್ನು ಕತ್ತರಿಸುವುದು. ಗಾಜಿನ ಅಂಚಿನ ದೋಷ ಮುಚ್ಚಿಹೋಗುತ್ತದೆ, ಆದರೆ ಕೊಂಡವರು 70 ಮಿ.ಮೀ.ಗೆ ದುಡ್ಡು ಕೊಟ್ಟು 50 ಮಿ.ಮೀ. ನೋಡುತ್ತಿರುತ್ತಾರೆ.

ಪತ್ತೆಗೆ ಐದು ನಿಮಿಷ ಸಾಕು. ದೂರದರ್ಶಕವನ್ನು ನಕ್ಷತ್ರಕ್ಕೆ ಫೋಕಸ್ ಮಾಡಿದ ಸ್ಥಿತಿಯಲ್ಲೇ ಕತ್ತಲೆ ಕೋಣೆಗೆ ತನ್ನಿ. 25 ಮಿ.ಮೀ. ಐಪೀಸಿಗೆ ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿಯಿರಿ. ಮುಂದಿನ ಮಸೂರದ ಮೇಲೆ ಒಂದು ಬೆಣ್ಣೆ ಕಾಗದ ಅಡ್ಡ ಇಟ್ಟು ಅದರ ಮೇಲೆ ಬೀಳುವ ಬೆಳಕಿನ ವೃತ್ತವನ್ನು ಸ್ಕೇಲಿನಲ್ಲಿ ಅಳೆಯಿರಿ. 68ರಿಂದ 70 ಬಂದರೆ ವ್ಯಾಪಾರ ಸಾಚಾ. 50 ಬಂದರೆ ಡಾಸ್ ಮಿತಿ 2.32ಕ್ಕೆ ಜಾರಿತು, ಕೆಳಗೆ ಹೇಳುವ ಅರ್ಧದಷ್ಟು ಜೋಡಿಗಳು ಕೈಬಿಟ್ಟವು. ಈ ಕೊಳವೆಯಲ್ಲಿ ಅಳತೆ 69 ಬಂತು. ಮೊದಲ ಅಂಕ ಗಾಜಿಗೆ.

ಡಯಾಗನಲ್ ಎಂಬ ಮನೆಮುರುಕ

ನೆಟ್ಟಗಿನ ಚಿತ್ರ ಕೊಡುವ ಪ್ರಿಸಂ ಹಗಲಲ್ಲಿ ಹಕ್ಕಿ, ಗುಮ್ಮಟ ನೋಡಲು ಚಂದ. ಬಂದೇ ನವಾಜ್ ದರ್ಗಾದ ಗುಮ್ಮಟ ತಲೆಕೆಳಗಾಗಿ ಕಾಣದಿರಲಿ ಎಂದು ಅದನ್ನು ಕೊಟ್ಟಿದ್ದಾರೆ. ರಾತ್ರಿಗೆ ಅದು ಆಗಿಬರುವುದಿಲ್ಲ. ಒಳಗೆ ಮನೆಯ ಸೂರಿನಂತೆ ಎರಡು ಮುಖ ಸೇರುವ ಏಣು ಇರುತ್ತದೆ. ಪ್ರಖರ ನಕ್ಷತ್ರದ ಬೆಳಕು ಅದರ ಮೇಲೆ ಬಿದ್ದಾಗ ನಕ್ಷತ್ರದ ಮೈಮೇಲೆ ಒಂದು ಗೆರೆ ಎಳೆದಂತೆ ಕಾಣುತ್ತದೆ. ಆ ಎರಡು ಮುಖಗಳ ಕೋನ ಕೂದಲೆಳೆಯಷ್ಟು ತಪ್ಪಿದರೂ ಒಂಟಿ ನಕ್ಷತ್ರವೇ ಎರಡಾಗಿ ಕಾಣುತ್ತದೆ. ಜೋಡಿ ನಕ್ಷತ್ರ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಮೋಸ ಬೇಕೆ?

ಡಯಾಗನಲ್ಲನ್ನು ಫೋಕಸರಿನಲ್ಲೇ (ಫೋಕಸ್ ಮಾಡಲು ಒಳಗೆ-ಹೊರಗೆ ಸರಿಯುವ ಹಿಂದಿನ ಕೊಳವೆ) ಕಾಲು ಸುತ್ತು ತಿರುಗಿಸಿ ನೋಡಿ. ಗೆರೆಯೋ ಬಾಲವೋ ಅದರ ಜೊತೆ ತಿರುಗಿದರೆ ದೋಷ ಡಯಾಗನಲ್ಲಿನದು. ಐಪೀಸನ್ನು ಮಾತ್ರ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ನಿಮ್ಮ ತಲೆಯನ್ನೇ ವಾಲಿಸಿದಾಗ ತಿರುಗಿದರೆ ಕಣ್ಣಿನದು, ಆದರೆ 90 ಪಟ್ಟಿನ ಮೇಲೆ ಬೆಳಕಿನ ಕಂಬಿ 1 ಮಿ.ಮೀ.ಗಿಂತ ಸಣ್ಣದಾಗುವುದರಿಂದ ಕಣ್ಣಿನ ದೋಷ ಅಷ್ಟಾಗಿ ತಲೆಹಾಕುವುದಿಲ್ಲ. ಯಾವುದನ್ನು ತಿರುಗಿಸಿದರೂ ಜಗ್ಗದೆ ನಿಂತರೆ, ಆಗ ಮಾತ್ರ ಮುಂದಿನ ಮಸೂರದ ಮೇಲೆ ಅನುಮಾನ ಪಡಬೇಕು.

ಈ ಪೆಟ್ಟಿಗೆಯ ಡಯಾಗನಲ್ ಇಲ್ಲಿ ಸ್ಪಷ್ಟವಾಗಿ ಫೇಲಾಯಿತು. ಅದನ್ನು ತೆಗೆದು 90 ಡಿಗ್ರಿಯ ಸಾದಾ ಕನ್ನಡಿ ಡಯಾಗನಲ್ ಹಾಕಿದ ಕೂಡಲೇ ತಟ್ಟೆ ದುಂಡಗಾಯಿತು. ಡಯಾಗನಲ್ಲೇ ಇಲ್ಲದೆ ನೇರ ನೋಡುವುದು ಇನ್ನೂ ಶುದ್ಧ ಪರೀಕ್ಷೆ. ಆದರೆ ಆಗ ಫೋಕಸರ್ ಸುಮಾರು 7 ಸೆಂ.ಮೀ. ಹೆಚ್ಚು ಹೊರಗೆ ಬರಬೇಕು; ಎಲ್ಲ ಕೊಳವೆಗಳಲ್ಲೂ ಅಷ್ಟು ಸಾಗುವುದಿಲ್ಲ.

ಮಾಳಿಗೆ, ಗಾಳಿ, ಮತ್ತು ಧ್ರುವ ನಕ್ಷತ್ರದ ವಿಷಯ

ಕಲಬುರಗಿಯಲ್ಲಿ ದೂರದರ್ಶಕದ ಮೊದಲ ಶತ್ರು ಶಹಾಬಾದ್ ಫರಸಿ. ಹಗಲಿಡೀ ಬಿಸಿಲು ಕುಡಿದ ಕಲ್ಲು ಕತ್ತಲಾದ ಮೇಲೆ ಗಂಟೆಗಟ್ಟಲೆ ಅದನ್ನು ಮೇಲಕ್ಕೆ ಉಗುಳುತ್ತಿರುತ್ತದೆ. ಆ ಝಳದಲ್ಲಿ ನಕ್ಷತ್ರದ ತಟ್ಟೆ ನೀರಿನೊಳಗಿನ ನಾಣ್ಯದಂತೆ ಅಲುಗುತ್ತದೆ. ಮಾರ್ಚಿನಿಂದ ಮೇವರೆಗೆ ಸಂಜೆ ಏಳಕ್ಕೆ ಮಾಳಿಗೆ ಹತ್ತಿ, ಐದು ನಿಮಿಷ ನೋಡಿ, ಲೆನ್ಸ್ ಸರಿ ಇಲ್ಲ ಎಂದು ಬರೆಯುವವರು ನೋಡಿದ್ದು ಲೆನ್ಸನ್ನಲ್ಲ, ಫರಸಿಯನ್ನು.

ಅಂಗಳದ ಮಣ್ಣಿನ ನೆಲ ಇದ್ದರೆ ಅಲ್ಲಿ ಇಡಿ. ಹೊಲದ ಬದು ಇನ್ನೂ ಒಳ್ಳೆಯದು. ಮಾಳಿಗೆಯೇ ಗತಿಯಾದರೆ, ಬೇಸಿಗೆಯಲ್ಲಿ ಮಲಗುವ ಮುನ್ನ ನೀರು ಚಿಮುಕಿಸುತ್ತಾರಲ್ಲ, ಅದನ್ನೇ ಸೂರ್ಯ ಮುಳುಗುತ್ತಲೇ ಮಾಡಿ ಎರಡು-ಮೂರು ಗಂಟೆ ಬಿಡಿ. ನೀರಿಗೆ ಬರ ಇರುವ ಓಣಿಗಳಲ್ಲಿ ಈ ಸಲಹೆ ಕೊಡಲು ಮುಜುಗರವೇ. ಅಂಥಲ್ಲಿ ಬೆಳಗಿನ ಜಾವ ಮೂರರಿಂದ ಐದರ ನಡುವೆ ನೋಡುವುದು ಮೇಲು, ಅಷ್ಟೊತ್ತಿಗೆ ಕಲ್ಲು ತಣಿದಿರುತ್ತದೆ. ಕೂಲರ್ ಇರುವ ಕೋಣೆಯಿಂದ ಹೊರಗೆ ತಂದ ಕೊಳವೆಯನ್ನು 20 ನಿಮಿಷ ಮುಚ್ಚಳ ತೆಗೆದು ಸುಮ್ಮನೆ ಬಿಡಬೇಕು, ಒಳಗಿನ ಗಾಳಿ ಹೊರಗಿನದಕ್ಕೆ ಹೊಂದಿಕೊಳ್ಳಲಿ. ಹಾಗೆ ಬಿಡದಿದ್ದರೆ ಫೋಕಸ್ ತಪ್ಪಿಸಿದ ತಟ್ಟೆಯಲ್ಲಿ ಒಂದು ಕಡೆಗೆ ಗರಿಯಂತೆ ಎದ್ದ ಬೆಳಕು ಕಾಣುತ್ತದೆ.

ಇಂಗ್ಲೆಂಡ್, ಅಮೆರಿಕದ ಪುಸ್ತಕಗಳು ಧ್ರುವ ನಕ್ಷತ್ರದ ಮೇಲೆ ಪರೀಕ್ಷೆ ಮಾಡಿ ಎನ್ನುತ್ತವೆ. ಅದು ಜಾಗ ಬಿಟ್ಟು ಕದಲುವುದಿಲ್ಲ ಎಂಬುದೇ ಕಾರಣ. ಅಲ್ಲಿ ಅದು ಆಕಾಶದಲ್ಲಿ ಎತ್ತರಕ್ಕಿದೆ, ಸರಿ. ಕಲಬುರಗಿಯಲ್ಲಿ ಅದರ ಎತ್ತರ 17 ಡಿಗ್ರಿ ಚಿಲ್ಲರೆ, ಬೀದರದಲ್ಲಿ ಸುಮಾರು 18, ಯಾದಗಿರಿಯಲ್ಲಿ 17ಕ್ಕೂ ಕಡಿಮೆ. ಅಷ್ಟು ತಗ್ಗಿನಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರುತ್ತದೆ. ಆ ಗಾಳಿ ಪ್ರಿಸಂನಂತೆ ವರ್ತಿಸಿ ನಕ್ಷತ್ರದ ಒಂದಂಚಿಗೆ ಕೆಂಪು, ಇನ್ನೊಂದಂಚಿಗೆ ನೀಲಿ ಬಳಿಯುತ್ತದೆ. ಅದನ್ನು ಗಾಜಿನ ವರ್ಣದೋಷ ಎಂದು ತಿಳಿದು ಪೆಟ್ಟಿಗೆ ವಾಪಸ್ ಕಳಿಸುವುದು ಸುಲಭ. ಧ್ರುವವನ್ನು ಬಿಡಿ. 45ರಿಂದ 70 ಡಿಗ್ರಿ ಎತ್ತರದ ನಕ್ಷತ್ರ ಹಿಡಿಯಿರಿ. ತೀರಾ ನೆತ್ತಿಗೆ ಹೋದರೂ ಕಷ್ಟ, ಈ ಉದ್ದ ಕೊಳವೆಯ ಬಾಲ ಟ್ರೈಪಾಡಿನ ಕಾಲಿಗೆ ತಾಕುತ್ತದೆ.

ಫೋಕಸ್ ತಪ್ಪಿಸಿ ನೋಡುವುದು

ಜೋಡಿಗಳಿಗೆ ಹೋಗುವ ಮೊದಲು ಸುಮಾರು 2ನೇ ಕಾಂತಿಮಾನದ (ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಒಂಟಿ ನಕ್ಷತ್ರ ಒಂದು ಬೇಕು. ಚಳಿಗಾಲದ ಆರಂಭಕ್ಕೆ ಅಶ್ವಿನಿಯ ಪಕ್ಕದ ಹಮಾಲ್, ಬೇಸಿಗೆಗೆ ಸಿಂಹದ ಬಾಲದ ಉತ್ತರಾ ಫಲ್ಗುಣಿ. 90 ಅಥವಾ 150 ಪಟ್ಟಿನಲ್ಲಿ ನಡುಮಧ್ಯಕ್ಕೆ ತಂದು ಫೋಕಸನ್ನು ಸ್ವಲ್ಪ ಒಳಕ್ಕೆ, ಆಮೇಲೆ ಅಷ್ಟೇ ಹೊರಕ್ಕೆ ತಿರುಗಿಸಿ. ನಾಲ್ಕೈದು ಉಂಗುರ ಕಾಣುವಷ್ಟು ಸಾಕು. ಬಳೆಯಷ್ಟು ದೊಡ್ಡದು ಮಾಡಿದರೆ ದೋಷ ಅಡಗಿಕೊಳ್ಳುತ್ತದೆ.

ಎರಡೂ ಕಡೆ ಉಂಗುರಗಳು ಒಂದೇ ರೀತಿ ಇದ್ದರೆ ಗಾಜು ಚೆನ್ನಾಗಿದೆ. ಒಂದು ಕಡೆ ಗೀರಿದಂತೆ ಸ್ಪಷ್ಟ, ಇನ್ನೊಂದು ಕಡೆ ಅರಳಿದ ಹತ್ತಿ ಎಂಬಂತಿದ್ದರೆ ಗೋಳೀಯ ದೋಷ, ಅಂದರೆ ಮಸೂರದ ನಡುವಿನ ಬೆಳಕೂ ಅಂಚಿನ ಬೆಳಕೂ ಒಂದೇ ಕಡೆ ಕೂಡುತ್ತಿಲ್ಲ. ಆದರೆ ಎರಡು ಗಾಜಿನ ಮಸೂರದಲ್ಲಿ ಬಣ್ಣಗಳು ಬೇರೆ ಬೇರೆ ಕಡೆ ಕೂಡುವುದರಿಂದ ಎರಡೂ ಬದಿ ಪೂರ್ತಿ ಒಂದೇ ಆಗಿ ಕಾಣುವುದಿಲ್ಲ. ಹಳದಿ-ಹಸಿರು ಫಿಲ್ಟರ್ ಹಾಕಿ ತೀರ್ಪು ಕೊಡಬೇಕು. ಒಳಗೆ ಅಡ್ಡ ಮೊಟ್ಟೆಯಾಕಾರ, ಹೊರಗೆ ಉದ್ದ ಮೊಟ್ಟೆಯಾಕಾರ ಆದರೆ ಅಸ್ಟಿಗ್ಮಾಟಿಸಂ, ಅಂದರೆ ಅಡ್ಡ ದಿಕ್ಕಿನ ಬೆಳಕು ಒಂದು ಕಡೆ, ಉದ್ದ ದಿಕ್ಕಿನದು ಇನ್ನೊಂದು ಕಡೆ ಕೂಡುವ ದೋಷ. ಉಂಗುರಗಳು ಒಂದು ಪಕ್ಕಕ್ಕೆ ಒತ್ತಿಕೊಂಡಿದ್ದರೆ ಮಸೂರ ವಾಲಿದೆ. ದುಂಡಗಿನ ಬದಲು ಮೂರು ಮೂಲೆ ಬಂದರೆ ಮಸೂರವನ್ನು ಹಿಡಿದಿರುವ ಬಳೆ ಬಿಗಿಯಾಗಿ ಗಾಜನ್ನು ಒತ್ತುತ್ತಿದೆ.

ಕೊನೆಯದಕ್ಕೆ ಮನೆಯಲ್ಲೇ ಮದ್ದುಂಟು. ಇಬ್ಬನಿ ತಡೆಯುವ ಮುಂದಿನ ಟೋಪಿ ತೆಗೆದು, ಮಸೂರದ ಮುಂದಿನ ತಿರುಪು ಬಳೆಯನ್ನು ಎಂಟನೇ ಒಂದು ಸುತ್ತು ಸಡಿಲಿಸಿ. ಅಲ್ಲಾಡಿಸಿದರೆ ಗಾಜು ಕಾಗದದ ದಪ್ಪದಷ್ಟು ಮಾತ್ರ ಆಡಬೇಕು. ಗಾಜುಗಳನ್ನು ಹೊರಗೆ ತೆಗೆಯುವ ಹಟ ಬೇಡ. ನಡುವೆ ಮೂರು ತೆಳು ತಗಡಿನ ಚೂರುಗಳಿರುತ್ತವೆ. ಗಾಜಿನ ಹಿಂದುಮುಂದು ಅಥವಾ ಒಂದರ ಮೇಲೊಂದರ ತಿರುವು ಬದಲಾದರೆ ಮೊದಲಿನಂತೆ ಕೂರಿಸುವುದು ಕಷ್ಟ. ಈ ಕೊಳವೆಯಲ್ಲಿ ಸ್ವಲ್ಪ ಮೂರು ಮೂಲೆಯ ಛಾಯೆ ಇತ್ತು, ಬಳೆ ಸಡಿಲಿಸಿದ ಮೇಲೆ ಹೋಯಿತು. ಹಳದಿ-ಹಸಿರಿನಲ್ಲಿ ಎರಡು ಬದಿಯೂ ಹೆಚ್ಚುಕಡಿಮೆ ಸಮ. ಬಣ್ಣದ ಮಟ್ಟಿಗೆ ದೂರಿಲ್ಲ: ಅಗಲದ ಸುಮಾರು 13 ಪಟ್ಟು ಫೋಕಲ್ ಲೆಂತ್ ಇರುವುದರಿಂದ ಅಭಿಜಿತ್ತಿನಂಥ ಪ್ರಖರ ನಕ್ಷತ್ರದ ಸುತ್ತ ಮಾತ್ರ ತೆಳು ನೇರಳೆ ಮಬ್ಬು ಕಾಣುತ್ತದೆ.

ಜೋಡಿಗಳ ಮೆಟ್ಟಿಲು

ಸಪ್ತರ್ಷಿ ಮಂಡಲದ ವಸಿಷ್ಠನಿಂದ ಶುರು ಮಾಡುವವರೇ ಹೆಚ್ಚು. ಮದುವೆಯಲ್ಲಿ ಹಾಡುಹಗಲೇ ಪುರೋಹಿತರು ಬೆರಳು ತೋರುವ ಅರುಂಧತಿ ಬರಿಗಣ್ಣಿನ ಸಂಗಾತಿ. ವಸಿಷ್ಠ ತಾನೇ 14.4 ಸೆಕೆಂಡಿನ ಜೋಡಿ, 36 ಪಟ್ಟಿನಲ್ಲೇ ಬೇರೆಯಾಗುತ್ತದೆ. ಹಂಸದ ಕೊಕ್ಕಿನ ಆಲ್ಬಿರಿಯೋ 34 ಸೆಕೆಂಡು ಮೀರಿದ್ದು, ಬಂಗಾರ-ನೀಲಿ ಬಣ್ಣ ನೋಡಲು ಚಂದ. ಇವೆರಡೂ ಅತಿಥಿಗಳಿಗೆ, ಪರೀಕ್ಷೆಗಲ್ಲ.

ಅಶ್ವಿನಿಯ ಎರಡು ನಕ್ಷತ್ರಗಳಲ್ಲಿ ಮಂಕಾದದ್ದು ಮೇಷದ ಗಾಮಾ. 7.4 ಸೆಕೆಂಡು ಅಂತರದ, ಅಚ್ಚು ಹಾಕಿದಂತೆ ಸಮ ಹೊಳಪಿನ ಎರಡು ಬಿಳಿ ಬಿಂದು. 90 ಪಟ್ಟಿನಲ್ಲಿ ಎರಡೂ ತಟ್ಟೆ ದುಂಡಗೆ, ನಡುವೆ ಕಪ್ಪು ಆಕಾಶ ಕಾಣಲೇಬೇಕು. ಎರಡು ತಟ್ಟೆಗೂ ಒಂದೇ ದಿಕ್ಕಿಗೆ ಬಾಲವಿದ್ದರೆ ಅದು ಉಪಕರಣದ್ದೇ ಎಂದು ಖಾತ್ರಿ. ಸಮ ಜೋಡಿಯ ಲಾಭವೇ ಇದು, ಒಂದು ಇನ್ನೊಂದಕ್ಕೆ ಸಾಕ್ಷಿ.

ಪುನರ್ವಸುವಿನ ಕ್ಯಾಸ್ಟರ್ ಸುಮಾರು 5.5 ಸೆಕೆಂಡು. ಜೋಡಿ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತವೆ ಎಂದು 1803ರಲ್ಲಿ ವಿಲಿಯಂ ಹರ್ಷಲ್ ತೋರಿಸಿಕೊಟ್ಟಾಗ ಮುಂದಿಟ್ಟ ಉದಾಹರಣೆಗಳಲ್ಲಿ ಇದೂ ಒಂದು. 90 ಪಟ್ಟಿಗೆ ಸಲೀಸು. ಮಘಾ ನಕ್ಷತ್ರದ ಮೇಲಿನ ಕುಡುಗೋಲಿನಲ್ಲಿರುವ ಆಲ್ಜೀಬಾ 4.7 ಸೆಕೆಂಡು, ಎರಡೂ ಕೇಸರಿ ಮಿಶ್ರಿತ ಹಳದಿ. ಇದು ನಮ್ಮ ಊರುಗಳಲ್ಲಿ ಬಹುತೇಕ ನೆತ್ತಿಯ ಮೇಲೇ ಹಾಯುತ್ತದೆ. ನೆತ್ತಿಗೆ ಬರುವ ಎರಡು ಗಂಟೆ ಮೊದಲೋ ಆಮೇಲೋ ಸುಮಾರು 60 ಡಿಗ್ರಿಯಲ್ಲಿರುವಾಗ ನೋಡಿ, ಕತ್ತೂ ಉಳಿಯುತ್ತದೆ, ಕೊಳವೆಯೂ ತಾಕುವುದಿಲ್ಲ. ಈ ಕೊಳವೆ ಎರಡನ್ನೂ ತಕರಾರಿಲ್ಲದೆ ಬಿಡಿಸಿತು.

ಕನ್ಯಾ ರಾಶಿಯ ಪೊರ್ರಿಮಾದಲ್ಲಿ ಹಳೆಯ ಪುಸ್ತಕದ ಅಂಕಿ ನಂಬಬೇಡಿ. ಸುಮಾರು 169 ವರ್ಷಕ್ಕೆ ಒಂದು ಸುತ್ತು ಬರುವ ಈ ಜೋಡಿ 2005ರಲ್ಲಿ 0.4 ಸೆಕೆಂಡಿಗೆ ಇಳಿದು ಸಣ್ಣ ದೂರದರ್ಶಕಗಳಿಗೆಲ್ಲ ಒಂದೇ ಚುಕ್ಕೆಯಾಗಿತ್ತು. ಈಗ ಮತ್ತೆ 3 ಸೆಕೆಂಡು ದಾಟಿದೆ. ಸಮ ಹೊಳಪು, ಹಾಗಾಗಿ 70 ಮಿ.ಮೀ.ಗೆ ನ್ಯಾಯವಾದ ಪ್ರಶ್ನೆ. ಶಾಂತ ಗಾಳಿಯಲ್ಲಿ 150 ಪಟ್ಟಿಗೆ ಎರಡು ತಟ್ಟೆ, ನಡುವೆ ಸಣ್ಣ ಸಂದು.

ನಿಜವಾದ ಪರೀಕ್ಷೆ ಇಲ್ಲಿಂದ. ಅಭಿಜಿತ್ತಿನ ಪಕ್ಕದ ಎಪ್ಸಿಲಾನ್ ವೀಣಾ, ಜೋಡಿಯ ಜೋಡಿ. ಕಣ್ಣು ಚುರುಕಾದವರಿಗೆ ಬರಿಗಣ್ಣಿಗೇ ಎರಡು. ಆ ಒಂದೊಂದೂ ಮತ್ತೆ ಎರಡೆರಡು, ಅಂತರ 2.2ರಿಂದ 2.4 ಸೆಕೆಂಡಿನೊಳಗೆ. ಸಂಜೆಯಲ್ಲಿ ಇದು ಎತ್ತರಕ್ಕೆ ಬರುವುದೇ ಮಳೆಗಾಲದಲ್ಲಿ. ಆದ್ದರಿಂದ ಅಕ್ಟೋಬರ್ ಮಧ್ಯಕ್ಕೆ ಕಾಯಬೇಕು: ರಾತ್ರಿ ಎಂಟಕ್ಕೆ ವಾಯುವ್ಯದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತದೆ. ಎರಡು ಜೋಡಿಗಳು ಒಂದಕ್ಕೊಂದು ಸುಮಾರಾಗಿ ಲಂಬ ದಿಕ್ಕಿನಲ್ಲಿರುವುದೇ ಇದರ ಸೊಗಸು. ಅಸ್ಟಿಗ್ಮಾಟಿಸಂ ಇರುವ ಮಸೂರ ತನ್ನ ಉದ್ದ ದಿಕ್ಕಿಗೆ ಬಿದ್ದ ಜೋಡಿಯನ್ನು ಕಲಸಿಬಿಟ್ಟು, ಅಡ್ಡ ಬಿದ್ದ ಜೋಡಿಯನ್ನು ಮಾತ್ರ ಬಿಡಿಸುತ್ತದೆ. ಅಂತರ ಬಹುತೇಕ ಒಂದೇ ಆದರೂ ಒಂದು ಜೋಡಿ ಬಿಟ್ಟುಕೊಟ್ಟು ಇನ್ನೊಂದು ಬಿಡದಿದ್ದರೆ ಡಯಾಗನಲ್ ತಿರುಗಿಸಿ ನೋಡಿ, ಆಮೇಲೆ ಮಸೂರವನ್ನು ಅನುಮಾನಿಸಿ. ಈ ಕೊಳವೆಯಲ್ಲಿ 90 ಪಟ್ಟಿಗೆ ಎರಡೂ ಜೋಡಿ ನಡು ಸಣ್ಣಗಾದ ಕಡಲೆಕಾಯಿಯಂತೆ, 150ಕ್ಕೆ ನಾಲ್ಕೂ ಬೇರೆ ಬೇರೆ. ಪೆಟ್ಟಿಗೆಯ ಬಾರ್ಲೋ ಹಾಕಿ 270ಕ್ಕೆ ಒಯ್ದಾಗ ನಾಲ್ಕೂ ಮತ್ತೆ ಬೂಷ್ಟು ಹಿಡಿದ ಬಿಳಿ ಉಂಡೆ. ಬಾರ್ಲೋ ಫೇಲು.

ಅದೇ ಹೊತ್ತಿಗೆ ಆಗ್ನೇಯದಲ್ಲಿ 65 ಡಿಗ್ರಿ ಎತ್ತರದಲ್ಲಿ ಕುಂಭದ ಝೀಟಾ ಇರುತ್ತದೆ, ಕೊಡದ ಆಕಾರದ ನಾಲ್ಕು ನಕ್ಷತ್ರಗಳ ನಡುವಿನದು. ಸುಮಾರು 2.4 ಸೆಕೆಂಡು, ಸಮ ಹೊಳಪು. ಎಪ್ಸಿಲಾನ್ ವೀಣಾ ತಗ್ಗಿಗಿಳಿದು ಕಲಕಿದ್ದರೆ ಇದರ ಮೇಲೆ ತೀರ್ಪು ಕೊಡಬಹುದು.

ಸ್ವಾತಿ ನಕ್ಷತ್ರದ ಮೇಲ್ಭಾಗದ ಇಝಾರ್ ಸಣ್ಣ ದೂರದರ್ಶಕಗಳ ಪಾಲಿಗೆ ಹಳೆಯ ಪರೀಕ್ಷಕ. ಅಂತರ 2.9 ಸೆಕೆಂಡು, ಕೇಳಲು ಸುಲಭ. ಆದರೆ ಸಂಗಾತಿ ಸುಮಾರು ಎಂಟು ಪಟ್ಟು ಮಂಕು. 70 ಮಿ.ಮೀ.ನಲ್ಲಿ ಮೊದಲ ಉಂಗುರ ನಡುವಿನಿಂದ 2.6-2.7 ಸೆಕೆಂಡಿನಲ್ಲಿ ಬೀಳುತ್ತದೆ. ಅಂದರೆ ಸಂಗಾತಿ ಕೂರುವುದು ಹೆಚ್ಚುಕಡಿಮೆ ಆ ಉಂಗುರದ ಮೇಲೇ, ಬಳೆಗೆ ಅಂಟಿಸಿದ ಹರಳಿನಂತೆ. ಉಂಗುರ ಅಖಂಡವಾಗಿ, ತೆಳ್ಳಗೆ ಇದ್ದರೆ ನೀಲಿ ಹರಳು ಎದ್ದು ಕಾಣುತ್ತದೆ. ಗೋಳೀಯ ದೋಷವಿದ್ದರೆ ಉಂಗುರವೇ ದಪ್ಪವಾಗಿ ಹರಳನ್ನು ನುಂಗುತ್ತದೆ. ಗಾಳಿ ಕಲಕಿದ್ದರೆ ಉಂಗುರ ಚೂರಾಗಿ ಎಲ್ಲೆಂದರಲ್ಲಿ ಸುಳ್ಳು ಹರಳುಗಳು! ಮೊದಲು ಕಂಡ ದಿಕ್ಕನ್ನು ಕಾಗದದಲ್ಲಿ ಗುರುತು ಹಾಕಿ: ನಕ್ಷತ್ರ ತಾನಾಗಿ ಜಾರುವ ಕಡೆ ಪಶ್ಚಿಮ. ಆಮೇಲೆ ಜೋಡಿ ನಕ್ಷತ್ರಗಳ ಯಾವುದಾದರೂ ಪಟ್ಟಿಯಲ್ಲಿ ಕೊಟ್ಟ ದಿಕ್ಕಿಗೆ ಹೋಲಿಸಿ. ಮೊದಲೇ ಉತ್ತರ ನೋಡಿಕೊಂಡು ಹತ್ತಿದರೆ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ. ಈ ಕೊಳವೆ ಶಾಂತ ಗಾಳಿಯ ಬೆಳಗಿನ ಜಾವದಲ್ಲಿ ಮಾತ್ರ ಇಝಾರ್ ತೋರಿಸಿತು, ಅದೂ ಬಿಟ್ಟು ಬಿಟ್ಟು. 70 ಮಿ.ಮೀ.ಗೆ ಅಷ್ಟಾದರೆ ಒಳ್ಳೆಯ ಅಂಕವೇ.

ಮಹಾವ್ಯಾಧನ ಪಾದದ ರೈಜೆಲ್ ಬೇರೆಯೇ ಪ್ರಶ್ನೆ ಕೇಳುತ್ತದೆ. 9.5 ಸೆಕೆಂಡು ದೂರವಿದ್ದರೂ ಸಂಗಾತಿ ಸುಮಾರು 500 ಪಟ್ಟು ಮಂಕು. ಇಲ್ಲಿ ಬಿಡಿಸುವ ಶಕ್ತಿಗಿಂತ ಗಾಜಿನ ಶುಚಿತ್ವ ಮುಖ್ಯ. ಧೂಳು, ಬೆರಳಚ್ಚು, ಹೊಳಪು ಕೆಟ್ಟ ಲೇಪನ, ಕೊಳವೆಯ ಒಳಗಿನ ಮಿರುಗು, ಯಾವುದಿದ್ದರೂ ರೈಜೆಲ್ ಸುತ್ತ ಹಾಲಿನಂಥ ಮಬ್ಬು ಹರಡಿ ಸಂಗಾತಿ ಕಾಣೆ. ವಾಡಿ, ಸೇಡಂ, ಶಹಾಬಾದ್ ಕಡೆಯ ಸುಣ್ಣಕಲ್ಲಿನ ಧೂಳು ಮಸೂರದ ಮೇಲೆ ಕೂತಿದ್ದರೆ ಧೋತರದ ಅಂಚಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ರಬ್ಬರ್ ಬ್ಲೋವರಿನಿಂದ ಊದಿ. ಡಿಸೆಂಬರ್-ಜನವರಿಯಲ್ಲಿ ಬೀದರದಂಥ ಎತ್ತರದ ಊರಲ್ಲಿ ಮಸೂರಕ್ಕೆ ಇಬ್ಬನಿ ಹಿಡಿದರೂ ಇದೇ ಮಬ್ಬು ಬರುತ್ತದೆ, ಟಾರ್ಚ್ ಓರೆ ಹಿಡಿದು ನೋಡಿದರೆ ತಿಳಿಯುತ್ತದೆ. ಕನ್ನಡಿ ಡಯಾಗನಲ್ಲಿನಲ್ಲಿ 90 ಪಟ್ಟಿಗೆ ರೈಜೆಲ್ಲಿನ ಸಂಗಾತಿ ಕಂಡಿತು. ಪೆಟ್ಟಿಗೆಯ ಪ್ರಿಸಂನಲ್ಲಿ ಬೆಳಕಿನ ಗೆರೆ ಸರಿಯಾಗಿ ಅದರ ಮೇಲೆಯೇ ಹಾದು ನುಂಗಿಹಾಕಿತು.

ಮಹಾವ್ಯಾಧನ ಈಟಾ 1.8 ಸೆಕೆಂಡು, ಹೊಳಪೂ ಸಮ ಇಲ್ಲ. ಇಲ್ಲಿ ತಟ್ಟೆ ಕೊಂಚ ಉದ್ದವಾದದ್ದಷ್ಟೇ. 70 ಮಿ.ಮೀ.ನಿಂದ ಅದಕ್ಕಿಂತ ಹೆಚ್ಚು ಕೇಳಬಾರದು.

ಸ್ಟ್ಯಾಂಡು

ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಎಣಿಸಿ. ಎರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯದು. ಕಾಲುಗಳನ್ನು ಪೂರ್ತಿ ಎಳೆದಾಗ ಇಲ್ಲಿ ಆರು ಸೆಕೆಂಡು ಬೇಕಾಯಿತು. 150 ಪಟ್ಟಿನಲ್ಲಿ ನಕ್ಷತ್ರ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಜಾರಲು ಒಂದು ಕಾಲು-ಒಂದೂವರೆ ನಿಮಿಷ. ಪ್ರತಿ ಸಲ ತಳ್ಳಿ ಆರು ಸೆಕೆಂಡು ಕಾದರೆ ನೋಡುವುದು ಯಾವಾಗ? ಕಾಲುಗಳನ್ನು ಒಳಕ್ಕೆ ತಳ್ಳಿ ಕುರ್ಚಿ ಹಾಕಿ ಕೂತು ನೋಡಿ, ಟ್ರೈಪಾಡಿನ ಕಾಲುಗಳ ನಡುವಿನ ತಟ್ಟೆಯಿಂದ ನಾಲ್ಕೈದು ಕಿಲೋ ಜೋಳದ ಚೀಲ ನೇತುಹಾಕಿ. ಎರಡೂವರೆ ಸೆಕೆಂಡಿಗೆ ಇಳಿಯುತ್ತದೆ. ಜೋಳವೇ ಆಗಬೇಕೆಂದಿಲ್ಲ, ತೊಗರಿಯೂ ನಡೆಯುತ್ತದೆ.

114 ಮಿ.ಮೀ. ಕನ್ನಡಿ ತಗೊಂಡಿದ್ದರೆ?

ಇದೇ ಬೆಲೆಯ ಸುತ್ತಮುತ್ತ ಸಿಗುವ 114/900 ಕನ್ನಡಿ ದೂರದರ್ಶಕದ ಡಾಸ್ ಮಿತಿ 1.02. ಎಪ್ಸಿಲಾನ್ ವೀಣಾ ಅದಕ್ಕೆ ಆಟ, ಇಝಾರ್ ಸಲೀಸು, ಈಟಾವೂ ಬಿಡುತ್ತದೆ. ಗೋಳಾಕಾರದ ಕನ್ನಡಿಯಾದರೂ ಈ ಅಗಲ-ಉದ್ದಕ್ಕೆ ದೋಷ ಬೆಳಕಿನ ತರಂಗದ ಕಾಲು ಭಾಗದೊಳಗೇ ಉಳಿಯುತ್ತದೆ. ಆದರೆ ಕೊರಿಯರ್ ಗಾಡಿಯಲ್ಲಿ ಕುಲುಕಿ ಬಂದ ಕನ್ನಡಿ ತನ್ನ ಸಾಲಿನಲ್ಲಿ ಇರುವುದು ಅಪರೂಪ. ಹಿಂದಿನ ಮೂರು ತಿರುಪುಗಳಿಂದ ಹೊಂದಿಸಲು ಬಾರದಿದ್ದರೆ ಅಥವಾ ಬೇಸರವಾದರೆ ಅದರ ಲಾಭ ಸಿಗುವುದಿಲ್ಲ. ತಣಿಯಲೂ ಅರ್ಧ ಗಂಟೆಗೆ ಮೇಲೆ ಬೇಕು.

ಅರ್ಧ ಮೀಟರ್ ಉದ್ದದ ಕೊಳವೆಯ ಮೇಲೆ 114/1000 ಎಂದು ಬರೆದಿದ್ದರೆ ಮುಟ್ಟಬೇಡಿ. ಉದ್ದ ಹೆಚ್ಚಿಸಲು ಫೋಕಸರಿನೊಳಗೆ ಒಂದು ಮಸೂರ ಅಡಗಿಸಿರುತ್ತಾರೆ. ಅದು ಅಡ್ಡ ಇರುವವರೆಗೂ ಕನ್ನಡಿ ಹೊಂದಿಸುವುದು ಬಲು ಕಷ್ಟ, ಹೊಂದದ ಕನ್ನಡಿಯಲ್ಲಿ 100 ಪಟ್ಟಿಗೇ ತಟ್ಟೆ ಕಟ್ಟುವುದಿಲ್ಲ.

ಮೋಡ ಮುಚ್ಚಿದ್ದರೆ

ಜೂನಿನಿಂದ ಸೆಪ್ಟೆಂಬರ್‌ವರೆಗೆ ತರಿಸಿದರೆ ಒಂದು ತೊಂದರೆ: ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಒಂದು ನಕ್ಷತ್ರವೂ ಕಾಣದಿರಬಹುದು. ಆಗ ಜೋಡಿ ನಕ್ಷತ್ರವನ್ನು ನೆಲದ ಮೇಲೆ ಮಾಡಿಕೊಳ್ಳಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಗಾಜಿನ ಮೇಲೆ ಹಾಸಿ, ಅತಿ ಸಣ್ಣ ಸೂಜಿಯ ತುದಿಯನ್ನು ಒತ್ತದೆ, ತಾಕಿಸಿದಷ್ಟೇ ಮಾಡಿ ಎರಡು ರಂಧ್ರ ಹಾಕಿ. ರಂಧ್ರ 0.2 ಮಿ.ಮೀ. ಮೀರಬಾರದು, ಎರಡರ ನಡುವೆ 1.1 ಮಿ.ಮೀ. ಇರಲಿ. ಸ್ಕೇಲಿನ ಪಕ್ಕ ಇಟ್ಟು ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದರೆ ಅಳತೆ ಸಿಗುತ್ತದೆ. ಹತ್ತು ಸಲ ಹಾಕಿದರೆ ಒಂದು ಸರಿಯಾಗಿ ಬರುತ್ತದೆ. ಹಿಂದೆ ಎಲ್‌ಇಡಿ ಟಾರ್ಚ್ ಕಟ್ಟಿ ಸರಿಯಾಗಿ 100 ಮೀಟರ್ ದೂರದಲ್ಲಿ ನಿಲ್ಲಿಸಿ. ಅಷ್ಟು ದೂರದಲ್ಲಿ 1 ಮಿ.ಮೀ. ಎಂದರೆ 2.06 ಆರ್ಕ್‌ಸೆಕೆಂಡು, ನಿಮ್ಮ ಜೋಡಿ 2.27 ಆಯಿತು, ಎಪ್ಸಿಲಾನ್ ವೀಣಾದ ಸಮ. ಫೋಕಸರ್ ಆಕಾಶಕ್ಕಿಂತ ಸುಮಾರು 8 ಮಿ.ಮೀ. ಹೊರಗೆ ನಿಲ್ಲುತ್ತದೆ. ಮಳೆ ಬಿದ್ದು ನೆಲ ತಣ್ಣಗಿರುವ, ಮೋಡ ಮುಚ್ಚಿದ ಸಂಜೆ ಇದಕ್ಕೆ ತಕ್ಕ ಹೊತ್ತು, ನೆಲದ ಝಳ ಏಳುವುದಿಲ್ಲ.

150 ಪಟ್ಟಿನಲ್ಲಿ ಎರಡು ಬಿಂದು ಬೇರೆ ಕಂಡ ಮೇಲೆ ಇನ್ನೊಂದು ಕೆಲಸ ಮಾಡಿ. ರಟ್ಟಿನಲ್ಲಿ 50 ಮಿ.ಮೀ.ನ ದುಂಡು ತೂತು ಕತ್ತರಿಸಿ ಮಸೂರದ ಮುಂದೆ ಇಡಿ. ಎರಡೂ ಅಂಟಿಕೊಂಡು ನಡುವಿನ ಸಂದು ಮಾಯವಾಗಬೇಕು. ರಟ್ಟು ಇಟ್ಟರೂ ತೆಗೆದರೂ ಚಿತ್ರ ಒಂದೇ ಆದರೆ ಗಾಜಿನ ಅಂಚು ಕೆಲಸ ಮಾಡುತ್ತಿಲ್ಲ ಎಂದರ್ಥ. ರಟ್ಟು ಇಟ್ಟಾಗಲೇ ಚಿತ್ರ ಸುಧಾರಿಸಿದರೆ ಅಂಚು ಕೆಡಿಸುತ್ತಿದೆ.

ಒಟ್ಟಿನಲ್ಲಿ ಅಂಕಪಟ್ಟಿ: ಮಸೂರಕ್ಕೆ ಹತ್ತಕ್ಕೆ ಎಂಟು, 25 ಮಿ.ಮೀ. ಐಪೀಸಿಗೆ ಆರು, 10ಕ್ಕೆ ಐದು, ಟ್ರೈಪಾಡಿಗೆ ನಾಲ್ಕು, ಡಯಾಗನಲ್ಲಿಗೆ ಎರಡು, ಬಾರ್ಲೋಗೆ ಸೊನ್ನೆ. ಕನ್ನಡಿ ಡಯಾಗನಲ್ಲಿಗೂ 6 ಮಿ.ಮೀ. ಐಪೀಸಿಗೂ ಬೇರೆ ದುಡ್ಡು ಎತ್ತಿಟ್ಟುಕೊಂಡು ಕೊಳ್ಳುವವರು ಕೊಳ್ಳಬಹುದು. ಪೆಟ್ಟಿಗೆ ಬಿಚ್ಚಿದ ಕೂಡಲೇ ಎಲ್ಲ ಸಿಗಬೇಕು ಎನ್ನುವವರಿಗೆ ಇದಲ್ಲ. ವಾಪಸ್ ಕಳಿಸಲು ತಕ್ಕ ದೋಷಗಳು ಮೂರೇ: ಏನು ತಿರುಗಿಸಿದರೂ ಹೋಗದ ಮೊಟ್ಟೆಯಾಕಾರ, ನಕ್ಷತ್ರ ಎತ್ತರದಲ್ಲಿದ್ದಾಗಲೂ ಒಂದೇ ಪಕ್ಕಕ್ಕೆ ಹರಡುವ ಬಣ್ಣ, ಟಾರ್ಚ್ ಅಳತೆಯಲ್ಲಿ 65 ಮಿ.ಮೀ.ಗೂ ಕಡಿಮೆ ಬರುವ ಬೆಳಕಿನ ವೃತ್ತ. ಐಪೀಸಿಗೆ ಮೊಬೈಲ್ ಹಿಡಿದು ಫೋಕಸ್ ತಪ್ಪಿಸಿದ ತಟ್ಟೆಯ ಎರಡು ಬದಿಯ ಫೋಟೋ, ಸ್ಕೇಲ್ ಇಟ್ಟ ವೃತ್ತದ ಫೋಟೋ ತೆಗೆದಿಟ್ಟುಕೊಳ್ಳಿ, ಮಾರಾಟಗಾರರು ಅದನ್ನೇ ಕೇಳುತ್ತಾರೆ. ಅಲ್ಲಿಯವರೆಗೆ ಒಳಗಿನ ಥರ್ಮಾಕೋಲ್ ಸಹಿತ ಪೆಟ್ಟಿಗೆಯನ್ನು ಎಸೆಯಬೇಡಿ.